ತೊಂಬತ್ತೊಂಬತ್ತು ಸಲ ಕಂಡ ಅಲ್ಗಾಲ್

ಅಧ್ಯಕ್ಷರಾದ ಶರಫುದ್ದೀನ ಸಾಹೇಬರೇ, ವೇದಿಕೆಯ ಹಿರಿಯರೇ, ಚಹಾದ ವಾಸನೆಗೆ ಆಗಲೇ ಬಾಗಿಲ ಕಡೆ ಸರಿದಿರುವ ಸಭಿಕರೇ,

ಅಲ್ಗಾಲ್ ನಕ್ಷತ್ರವನ್ನು ನೂರು ಸಲ ನೋಡಿ ಬರೆದಿಟ್ಟಿದ್ದಕ್ಕೆ ಅಫಜಲಪುರದ ವಿಜ್ಞಾನ ಬಳಗ ಈ ಮಾಳಿಂಗ ಮಾಸ್ತರನಿಗೆ ಶಾಲು ಹೊದಿಸಿದೆ. ಬೆಳಿಗ್ಗೆಯಿಂದ ನನ್ನ ಕಾಲು ನೆಲದ ಮೇಲಿಲ್ಲ. ಏನ್ರಿ ಈ ಅಲ್ಗಾಲ್? ಬರಿಗಣ್ಣಿಗೆ ಒಂದು, ನಿಜದಲ್ಲಿ ಜೋಡಿ. ಹತ್ತಿರ ಹತ್ತಿರ ಮೂರು ದಿನಕ್ಕೊಮ್ಮೆ ಜೋಡಿಯಲ್ಲಿ ಮಂಕಾದದ್ದು ಹೆಚ್ಚು ಬೆಳಗುವ ಚುಕ್ಕಿಗೆ ಅಡ್ಡ ಬರುತ್ತದೆ, ಚುಕ್ಕಿ ಕಂದುತ್ತದೆ, ಕೆಲವು ತಾಸಿನಲ್ಲಿ ಮತ್ತೆ ಬೆಳಗುತ್ತದೆ. ಪಕ್ಕದ ಚುಕ್ಕಿಗಳ ಜೊತೆ ಹೋಲಿಸಿ ಎಷ್ಟು ಕಂದಿತೆಂದು ಬರೆಯಬೇಕು. ದುರ್ಬೀನು ಬೇಡ, ಮಾಳಿಗೆ ಸಾಕು.

ನಾನು ಇಲ್ಲಿ ಬರೆದರೆ ಜೇವರ್ಗಿಯಲ್ಲಿ ಗ್ರಂಥಾಲಯದ ಶಿವಗಂಗಾ ಬರೆಯುತ್ತಾರೆ. ಆಮೇಲೆ ಫೋನಿನಲ್ಲಿ ಹೋಲಿಕೆ. ಚುಕ್ಕಿಯ ಮಾತು ಐದು ನಿಮಿಷ, ಉಳಿದ ಮಾತು ಒಂದು ತಾಸು. ಯಾಕ ನಗ್ತೀರಿ? ಮನೆಯವರೂ ಒಪ್ಪಿದ್ದರು, ಲಗ್ನದ ತಾರೀಖೊಂದೇ ಬಾಕಿ ಇತ್ತು.

ಈ ಜನವರಿಯಲ್ಲಿ ಆಳಂದದ ಗೆಳೆಯನ ಮನೆಗೆ ಊಟಕ್ಕೆ ಹೋದೆ. ಹೋಳಿಗೆ, ಮೇಲೆ ತುಪ್ಪ. ಏಳುವ ಮನಸ್ಸು ಯಾರಿಗಿರುತ್ತದೆ? ಚುಕ್ಕಿ ಯಾವಾಗ ಕಂದುತ್ತದೆಂದು ಮೊದಲೇ ಹೇಳುವ ಪಟ್ಟಿಯಲ್ಲಿ ಅಂದು ರಾತ್ರಿ ಎಂಟು ಎಂದಿತ್ತು. ಕತ್ತೆತ್ತಿ ಆಕಾಶ ನೋಡದೆ, ಎಂಟಕ್ಕೆ ಪೂರಾ ಮಂಕು ಎಂದು ಬರೆದೆ. ಅದೇ ಎಂಟಕ್ಕೆ ಶಿವಗಂಗಾ ಬರೆದದ್ದು, ಫಳಫಳ! ನಾನು ಏನಂದೆ ಗೊತ್ತೇನ್ರಿ? "ಮೇಡಂ, ಕಣ್ಣು ತೋರಿಸ್ಕೋರಿ."

ಪಾಪ, ಬಸ್ ಹತ್ತಿ ಕಲಬುರಗಿಗೆ ಹೋಗಿ, ಕಣ್ಣಿಗೆ ಔಷಧ ಹಾಕಿಸಿಕೊಂಡು ಅರ್ಧ ದಿನ ಕುಂತರು. ಡಾಕ್ಟರು "ಹದ್ದಿನ ಕಣ್ಣವ್ವ ನಿಂದು" ಅಂದರಂತೆ. ಆಗ ಪಟ್ಟಿಯನ್ನೇ ಕೆದಕಿದರು. ಅದು ಲಂಡನ್ ಸಮಯ! ನಮ್ಮಲ್ಲಿ ಚುಕ್ಕಿ ಮಂಕಾಗುವುದು ರಾತ್ರಿ ಒಂದೂವರೆಗೆ.

ಫೋನು ಬಂತು. "ಕಾಣಲಾರದ್ದನ್ನ ಕಂಡೇನಿ ಅಂತ ಬರದ್ರಿ. ಕಂಡಾಕಿ ಕಣ್ಣಿಗೆ ತಪ್ಪು ಹೊರಿಸಿದ್ರಿ. ನಾಳೆ ಮನ್ಯಾಗೂ ಹಿಂಗ ಮಾಡ್ತೀರೇನ್ರಿ? ನಾಕ ಮಂದ್ಯಾಗ ಒಪ್ಗೋರಿ, ಆಮ್ಯಾಲ ತಾರೀಖು." ಎರಡು ತಿಂಗಳಾಯಿತು, ಫೋನಿಲ್ಲ. ನನಗಂತೂ ನಿದ್ದೆಯಿಲ್ಲ.

ಅವರು ಕೇಳಿದ್ದು ನಾಲ್ಕು ಮಂದಿ, ಇಲ್ಲಿ ಇನ್ನೂರು ಮಂದಿ ಇದ್ದೀರಿ. ಕೇಳಿರಿ. ನಾನು ಕಂಡದ್ದು ತೊಂಬತ್ತೊಂಬತ್ತೇ ಸಲ. ಒಂದು ಸುಳ್ಳು. ತಪ್ಪು ನನ್ನದು, ಅವರ ಕಣ್ಣಿನದಲ್ಲ. ಸಾಹೇಬರೇ, ಬೇಕಾದರೆ ಶಾಲು ವಾಪಸ್ ತಗೋರಿ.

ಮೂರನೆಯ ಸಾಲಿನಲ್ಲಿ ತಂದೆ ಚಂದ್ರಾಮಪ್ಪನವರ ಪಕ್ಕ ಕುಂತಿರುವ ಶಿವಗಂಗಾ ಅವರೇ, ಇನ್ನಾದರೂ... ಅರೆ, ತಲೆ ಆಡಿಸಿದರೇನ್ರಿ? ಹೂಂ ಅಂದ್ರೋ, ಉಹೂಂ ಅಂದ್ರೋ? ತಡೀರಿ ತಡೀರಿ, ಚಂದ್ರಾಮಪ್ಪನವರು ಬಗಲಚೀಲದಾಗಿಂದ ಪಂಚಾಂಗ ತೆಗ್ಯಾಕತ್ತಾರ!

ಸಾಹೇಬರೇ, ಇನ್ನೂ ಆರು ಪುಟ ಭಾಷಣ ಇತ್ತು, ಇಲ್ಲೇ ಬಿಟ್ಟೇನಿ. ಶಾಲು ಹೊದಿಸಿದವರಿಗೂ ಬೈದವರಿಗೂ ಧನ್ಯವಾದ. ಎಲ್ಲರೂ ಲಗ್ನಕ್ಕ ಬರ್ರಿ. ನಮಸ್ಕಾರ, ನಮಸ್ಕಾರ್ರಿ!