ಏಕಾದಶಿಯ ರಕ್ತಪರೀಕ್ಷೆ

ಹೊಟ್ಟೆ ಮುಂದೆ ಬಂದವರು ರಕ್ತದ ಕೊಬ್ಬು ನೋಡಿಸಿಕೊಂಡರೆ ಸಕ್ಕರೆ ಕಾಯಿಲೆಯ ಸುಳಿವು ಮೊದಲೇ ಸಿಗುತ್ತದೆ ಎಂದಿದ್ದರು ಡಾಕ್ಟರು. ಖಾಲಿ ಹೊಟ್ಟೆಯಲ್ಲಿ ಬರಬೇಕಲ್ಲ, ಪುಣ್ಯವೂ ಆಯಿತು ಪರೀಕ್ಷೆಯೂ ಆಯಿತೆಂದು ವೇದಾವತಿ ಏಕಾದಶಿಯ ದಿನವೇ ಗಂಡ ಕಮಲಾಕರನನ್ನು ಸಿರ್ಸಿಯ ಲ್ಯಾಬಿಗೆ ಕರೆತಂದಿದ್ದಳು.

ರಕ್ತ ತೆಗೆದ ಹುಡುಗಿ ಹೊರಬಂದಳು. "ರಕ್ತದ ನೀರು ಹಾಲಿನ ಹಾಗಿದೆ. ಏನಾದ್ರೂ ತಿಂದಿದ್ರಾ?"

"ಬೆಳಿಗ್ಗೆ ಡೈರಿಗೆ ಹೋದಾಗ ಹೋಟ್ಲಲ್ಲಿ ನಾಕು ಬನ್ಸ್..." ಎಂದ ಕಮಲಾಕರ.

ಬೆಂಚಿನ ಮೇಲಿದ್ದವರೆಲ್ಲ ಕಿವಿಯಾದರು. ವೇದಾವತಿ ಗಂಡನತ್ತ ತಿರುಗಿದಳು.

"ಇವತ್ತೊಂದೇ ದಿನನಾ?"

"ಪ್ರತಿ ಏಕಾದಶಿಗೂ. ಹಸಿವು ತಡೆಯಲೆ ಆಗ್ತಿಲ್ಲೆ ಮಾರಾಯ್ತಿ."

"ಮದುವೆ ಆದಾಗಿಂದ ನಿಂಗ್ಳ ಜೊತಿಗೆ ಉಪವಾಸ ಹೇಳಿ ಆನು ಏಕಾದಶಿಗೆ ನೀರೂ ಕುಡಿದ್ನಿಲ್ಲೆ!"

"ಮುಂದಿನ ಏಕಾದಶಿಗೆ ಖಂಡಿತ ಉಪವಾಸ ಇರ್ತೆ."

"ಇರಿ." ಅವಳು ಎದ್ದಳು. "ಈಗ ಹೋಟ್ಲಿಗೆ ನಡೀರಿ."

"ನಿಂಗೆ ಉಪವಾಸ ಅಲ್ದನೇ?"

"ಯನ್ನ ರಕ್ತ ಯಾರೂ ಕೇಳಿದ್ವಿಲ್ಲೆ" ಎಂದವಳೇ ಮೆಟ್ಟಿಲಿಳಿದಳು.