ಮೆಟ್ಟಿಲ ಬುಡದ ಸ್ಟೂಲು

ಹುಡುಗಿ ಗೋಪುರದ ಮೆಟ್ಟಿಲ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ಗೋಣಿಚೀಲದಿಂದ ನೀರು ಒರೆಸುತ್ತಿದ್ದಳು. ಒರೆಸುವುದು, ಬಕೆಟ್ಟಿಗೆ ಹಿಂಡುವುದು, ಮತ್ತೆ ಒರೆಸುವುದು. ಹೊರಗೆ ಮಧ್ಯಾಹ್ನವನ್ನೇ ಕತ್ತಲು ಮಾಡುವಂಥ ಮಳೆ. ಹಳೆಯ ಊರಿನ ನಟ್ಟನಡುವೆ ನಿಂತ ಆ ಕಲ್ಲಿನ ಗೋಪುರವನ್ನು ನೋಡಲು ಬಂದವರೆಲ್ಲ ಇಳಿದು ಹೋಗಿದ್ದರು. ಕಮಾನಿನ ಕೆಳಗೆ ಉಳಿದಿದ್ದವರು ಟಿಕೆಟ್ ಕೊಡುವವನು, ಪ್ರವಾಸಿಗರ ಫೋಟೋ ತೆಗೆಯುವವನು, ಬಾಡಿಗೆಗೆ ಕೊಡೆ ಕೊಡುವ ಅಜ್ಜಿ ಮತ್ತು ಈ ಹುಡುಗಿ.

ಮೆಟ್ಟಿಲ ಪಕ್ಕದ ಸ್ಟೂಲು ಅವಳಿಗೆ ಸಿಕ್ಕಿದ್ದು ಅಂದೇ ಬೆಳಿಗ್ಗೆ. ಸುರುಳಿ ಮೆಟ್ಟಿಲು ಬಲು ಕಿರಿದು. ಹತ್ತುವವರೂ ಇಳಿಯುವವರೂ ಎದುರಾದರೆ ದಾಟಲು ಜಾಗವಿಲ್ಲ. ಹಾಗಾಗಿ ಇಳಿಯುವವರು ಮೇಲಿನಿಂದ "ಇಳೀಬಹುದಾ?" ಎಂದು ಕೂಗಬೇಕು. ಮೆಟ್ಟಿಲು ಖಾಲಿಯಿದ್ದರೆ ಸ್ಟೂಲಿನಲ್ಲಿ ಕೂತವರು "ಇಳೀರಿ" ಎನ್ನಬೇಕು. ಕೆಲಸ ಅಷ್ಟೇ. ಆದರೆ ಓದನ್ನು ಅರ್ಧಕ್ಕೇ ಬಿಟ್ಟು ಮನೆಯ ಮೂಲೆಯಲ್ಲಿ ಬೆಳೆದ ಅವಳಿಗೆ ದನಿಯೇ ಏಳುತ್ತಿರಲಿಲ್ಲ. ಬೆಳಿಗ್ಗೆಯಿಂದ ಟಿಕೆಟ್‌ನವನೇ ಅವಳ ಬದಲು ಕೂಗಿ ಗಂಟಲು ಒಣಗಿಸಿಕೊಂಡಿದ್ದ.

"ಏನಮ್ಮ, ನಿನ್ನ ಮಾತು ನಿನ್ನ ಹಲ್ಲನ್ನೇ ದಾಟಲ್ವಲ್ಲ," ಎಂದ ಫೋಟೋದವನು. "ನಾಳೆಯೂ ಹಿಂಗೇ ಆದ್ರೆ ಬೇರೆಯವರನ್ನ ಕೂರಿಸ್ತಾರೆ, ನೋಡ್ಕೋ."

ಅವಳು ಗೋಣಿಯನ್ನು ಇನ್ನಷ್ಟು ಬಿಗಿಯಾಗಿ ಹಿಂಡಿದಳು. ಈ ಕೆಲಸ ಹೋದರೆ ಮತ್ತೆ ಅತ್ತಿಗೆಯ ಅಡುಗೆಮನೆ, ಅತ್ತಿಗೆಯ ಮಾತು.

"ಅವಳನ್ನ ಯಾಕೋ ಗೋಳು ಹುಯ್ಕೋತೀಯ?" ಎಂದಳು ಅಜ್ಜಿ. "ಬಾ ಮಗಳೇ, ನಿನ್ನ ಸ್ಟೂಲಲ್ಲಿ ಕೂತ್ಕೋ. ಅದರದ್ದೇ ಒಂದು ಕತೆ ಇದೆ, ಕೇಳು."

ಹುಡುಗಿ ಕೂತಳು. ಫೋಟೋದವನು ಬೀಡಿ ಹಚ್ಚಿಕೊಂಡು ಹತ್ತಿರ ಸರಿದ.

"ಹಿಂದೆ ಇದರ ಮೇಲೆ ನಮ್ಮಕ್ಕ ಕೂರ್ತಿದ್ಲು... ಏನು ದನಿ ಅಂತೀರಾ ಅವಳದು! ಇಲ್ಲಿ 'ಇಳೀರಿ' ಅಂದ್ರೆ ಮೇಲೆ ಪಾರಿವಾಳ ಎಲ್ಲಾ ಎದ್ದು ಹಾರ್ತಿದ್ವು. ಒಂದಿನ ಹಿಂಗೇ ಮಳೆ. ಯಾರೋ ಒಬ್ಬಳು ಹೆಂಗಸು ಒಂಟಿಯಾಗಿ ಹತ್ತಿದ್ಲು, ಟಿಕೆಟ್ ಕೇಳೋಕೂ ನಾಚ್ಕೊಳ್ಳೋ ಪೈಕಿ... ಆಮೇಲೆ ಶಾಲೆ ಮಕ್ಕಳ ದಂಡು ಬಂತು, ಅಕ್ಕ ಹತ್ತಿಸಿದ್ಲು. ಆ ಹೆಂಗಸು ಮೇಲಿಂದ 'ಇಳೀಬಹುದಾ' ಅಂತ ಕೇಳಿರ್ತಾಳೆ, ಆದ್ರೆ ಆ ಮಳೇಲಿ, ಆ ಗಲಾಟೇಲಿ, ಅವಳ ಗುಬ್ಬಿ ದನಿ ಯಾರ ಕಿವಿಗೆ ಬೀಳುತ್ತೆ? ಕೇಳಿ ಕೇಳಿ ಸಾಕಾಗಿ ತಾನೇ ಮೆಲ್ಲಗೆ ಇಳಿದ್ಲು. ನಡುವೆ ಆಳೆತ್ತರದ ಒಂದು ಕಿಂಡಿ ಇದ್ಯಲ್ಲ, ಈಗ ಸರಳು ಹಾಕಿದಾರಲ್ಲ, ಅಲ್ಲಿ ಮಕ್ಕಳು ಎದುರಾದ್ವು. ದಾರಿ ಬಿಡೋಣ ಅಂತ ಪಾಪ ಹಿಂದಕ್ಕೆ ಸರಿದ್ಲು... ಹಿಂದೆ ಗೋಡೆ ಎಲ್ಲಿತ್ತು?"

ಟಿಕೆಟ್‌ನವನು ಲೊಚಗುಟ್ಟಿದ.

"ಅವತ್ತಿಂದ ಮಳೆ ಬಂದಾಗೆಲ್ಲ, ಮೇಲೆ ಒಂದು ನರಪಿಳ್ಳೆ ಇಲ್ಲದ ಹೊತ್ತಲ್ಲಿ, ಸಣ್ಣಗೆ 'ಇಳೀಬಹುದಾ' ಅನ್ನೋದು ಶುರುವಾಯ್ತು. ಅಕ್ಕ ಕಿವಿ ಮುಚ್ಕೊಂಡು ಕೂರ್ತಿದ್ಲು. ಎಷ್ಟು ದಿನ ಅಂತ ಕೂತಾಳು? ಕರುಳು ಅನ್ನೋದು ಇರಲ್ವಾ? ಒಂದು ಮಧ್ಯಾಹ್ನ ತಡೀಲಾರದೆ 'ಇಳಿದು ಬಾರಮ್ಮ' ಅಂದೇಬಿಟ್ಲು. ನಾನು ಅಲ್ಲೇ ಕಮಾನಿನ ಹತ್ರ ಕೊಡೆ ಮಡಚ್ತಿದ್ದೆ. ಹೆಜ್ಜೆ ಸಪ್ಪಳ ಕೇಳ್ತು... ಇಳೀತು, ಇಳೀತು, ಕೊನೇ ತಿರುವಿಗೆ ಬಂತು... ಒದ್ದೆ ಬಟ್ಟೆ ಸವರಿದಂಗೆ ಏನೋ ನನ್ನ ಪಕ್ಕದಲ್ಲೇ ಹಾದು ಬೀದಿಗೆ ಹೋಯ್ತು. ತಿರುಗಿ ನೋಡ್ತೀನಿ, ಸ್ಟೂಲು ಖಾಲಿ. ಕೆಳಗೆ ಅಕ್ಕನ ಚಪ್ಪಲಿ ಮಾತ್ರ. ಮೇಲೆ ಹುಡುಕಿದ್ರು, ಊರೆಲ್ಲ ಹುಡುಕಿದ್ರು. ಸಿಗ್ತಾಳಾ? ಒಬ್ರು ಇಳಿದ್ರೆ ತಾನೇ ಇನ್ನೊಬ್ರು ಹತ್ತೋದು? ಈ ಮೆಟ್ಟಿಲಿನ ನಿಯಮ ಮೊದಲಿಂದ ಅದೇ ಅಲ್ವಾ?"

"ಅಜ್ಜಿ, ನೀನು ಕೊಡೆ ಬಿಟ್ಟು ಕತೆಯನ್ನೇ ಬಾಡಿಗೆಗೆ ಕೊಡು," ಎಂದು ಫೋಟೋದವನು ನಕ್ಕ.

"ಆ ಸಣ್ಣ ದನಿ ಆಮೇಲೆ ಕೇಳಿಸಿಲ್ಲ," ಎಂದಳು ಅಜ್ಜಿ. "ಈಗ ಕೇಳೋದು ದೊಡ್ಡ ದನಿ. ಒಡಹುಟ್ಟಿದವಳು ನಾನು, ನನಗೆ ಗುರುತು ಸಿಗಲ್ವಾ? ನಾನೇ ಈ ಸ್ಟೂಲಲ್ಲಿ ಕೂತು 'ಇಳಿದು ಬಾರೇ ಅಕ್ಕ' ಅಂತ ಎಷ್ಟು ಕರೆದೆ... ತಂಗಿಯನ್ನ ಮೇಲೆ ಕಳಿಸಿ ತಾನು ಇಳೀತಾಳಾ ಅವಳು? ಬೇರೆಯವರೇ ಕರೀಬೇಕು. ಇಲ್ಲಿ ಕೂತವರೆಲ್ಲ ಕಿವಿಗೆ ಹತ್ತಿ ಇಟ್ಕೊಂಡ್ರು, ಇಲ್ಲ ಕೆಲಸ ಬಿಟ್ಟು ಓಡಿದ್ರು."

ಹುಡುಗಿ ಬೆಳಿಗ್ಗೆಯಿಂದ ಒಂದನ್ನು ಗಮನಿಸಿದ್ದಳು. ಕೊಡೆಗಳ ಕಟ್ಟಿನ ಪಕ್ಕ ಕೆಂಪು ಪಟ್ಟಿಯ ಒಂದು ಜೊತೆ ಹಳೆಯ ಚಪ್ಪಲಿ ಇತ್ತು. ಅಜ್ಜಿಯ ಕಾಲಲ್ಲಿ ಬೇರೆ ಚಪ್ಪಲಿ ಇದ್ದವು. ಮಳೆ ಶುರುವಾದೊಡನೆ ಅಜ್ಜಿ ಆ ಕೆಂಪು ಪಟ್ಟಿಯವನ್ನು ಒರೆಸಿ ಮೆಟ್ಟಿಲ ಬಳಿ ತಂದಿಟ್ಟಿದ್ದಳು, ಇಳಿದು ಬರುವವರು ಹಾಗೇ ಕಾಲು ತೂರಿಸುವಂತೆ.

ಮೇಲೆ ಪಾರಿವಾಳಗಳು ಒಮ್ಮೆಲೇ ರೆಕ್ಕೆ ಬಡಿದು ಎದ್ದವು.

"ಇಳೀಬಹುದಾ?"

ಮಳೆಯನ್ನು ಸೀಳಿಕೊಂಡು ಬಂದ ದೊಡ್ಡ ಹೆಣ್ಣು ದನಿ. ಫೋಟೋದವನ ಬೀಡಿ ಬಾಯಿಯ ಬಳಿಯೇ ನಿಂತಿತು. ಟಿಕೆಟ್‌ನವನು ನೆಲ ನೋಡಿದ.

ಅಜ್ಜಿ ಹುಡುಗಿಯ ಮಂಡಿಯ ಮೇಲೆ ಕೈಯಿಟ್ಟಳು. ತಣ್ಣನೆಯ ಕೈ, ಆದರೆ ಹಿಡಿತ ಬಿಗಿ.

"ನೀನು ಕೂಗೋದೇನೂ ಬೇಡ ಮಗಳೇ. ಮೆಲ್ಲಗೆ ಅಂದ್ರೂ ಅವಳಿಗೆ ಕೇಳುತ್ತೆ. ಒಂದು ಸಲ... 'ಇಳೀರಿ' ಅನ್ನಮ್ಮ."

ಹುಡುಗಿ ಹಲ್ಲು ಕಚ್ಚಿ ಕೂತಳು.

"ಇಳೀಬಹುದಾ?"