ಕೇಳಿದವರಿಗೆ ಹೊಗೆಸೊಪ್ಪು

ಕಡೂರು ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಯಾರೋ ಅತ್ತೆ-ಸೊಸೆ ಕೂತಿದ್ದರು. ಸೊಸೆ ಗಂಡನಿಗೆಂದು ಫ್ಲಾಸ್ಕಿನ ಗಂಜಿಯನ್ನು ಲೋಟಕ್ಕೆ ಬಗ್ಗಿಸಿ ಆರಿಸುತ್ತಿದ್ದಳು. ಗಂಡ ಕುತ್ತಿಗೆಗೆ ಟವೆಲ್ ಸುತ್ತಿಕೊಂಡು ಎದುರಿನ ತರೀಕೆರೆ ಬಸ್ಸಿನಲ್ಲಿದ್ದ.

“ಯಾರಾದ್ರೂ ಕೇಳಿದ್ರೆ, ಹೊಗೆಸೊಪ್ಪಿಂದ ಗಂಟ್ಲು ಕ್ಯಾನ್ಸರ್ ಬಂತು ಅನ್ನು ಭವ್ಯ,” ಅಂದರು ಅತ್ತೆ.

“ಅವ್ರು ಎಲೆಅಡಿಕೆನೂ ಮುಟ್ಟಿಲ್ಲ ಅತ್ತೆ. ವೈರಸ್ಸಿಂದ ಅಂದ್ರಲ್ಲ ಡಾಕ್ಟ್ರು. ಗಡ್ಡೇಲಿ ಅದೆಂಥದೋ ಪ್ರೋಟೀನ್ ಸಿಕ್ತು, ಅದಿದ್ರೆ ಕಾಯಿಲೆ ಔಷಧಿಗೆ ಬಗ್ಗುತ್ತಂತೆ.”

“ಬಗ್ಲಿ. ಮೈ ಸಂಬಂಧದಿಂದ ಹರಡೋ ವೈರಸ್ಸಂತೆ, ಅದು ಎಲ್ಲಿಂದ ಬಂತು ಅಂತ ಜನ ನಿನ್ನ ಮುಖ ನೋಡ್ತಾರೆ ಕಣೇ.”

“ನೀವೂ ಅದನ್ನೇ ನೋಡ್ತಿದ್ದೀರಲ್ಲ.”

“ಅವ್ನು ಹುಷಾರಾಗೋವರ್ಗೂ ಅಜ್ಜಂಪುರದಲ್ಲಿ ನಿಮ್ಮಮ್ಮನ ಹತ್ರ ಇರು.”

“ಗಂಜಿ ಯಾರು ಕುಡಿಸ್ತಾರೆ?”

“ನಾನೇನು ಸತ್ತಿದ್ದೀನಾ?”

ಅಜ್ಜಂಪುರದ ಬಸ್ ಬಂತು. ಅತ್ತೆ ಅವಳ ಚೀಲ ಎತ್ತಿಕೊಟ್ಟರು. ಭವ್ಯ ಬಿಸಿ ನೋಡಲು ಅದೇ ಲೋಟದಿಂದ ಒಂದು ಗುಟುಕು ಕುಡಿದಳು. ಚೀಲ ಹೆಗಲಿಗೇರಿಸಿ, ಲೋಟ ಹಿಡಿದುಕೊಂಡು ಗಂಡನಿದ್ದ ಬಸ್ಸು ಹತ್ತಿದಳು.